ದೀರ್ಘ ಯುರೋಪ್ ಪ್ರವಾಸದ ಕೊನೆಯ ದಿನಗಳನ್ನು ದಂಪತಿಗಳು ಕಳೆಯಬೇಕಾದ ಬಗೆ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ ಹೆಚ್ಚೆಂದರೆ 90 ದಿನ ಮಾತ್ರ ಉಳಿಯಬಹುದಾದ್ದರಿಂದ, ದೀರ್ಘ ಪ್ರವಾಸ ಹೊರಟ ಹಲವು ದಂಪತಿಗಳು ಕೊನೆಯ ವಾರದಲ್ಲೂ ಊರಿಂದೂರಿಗೆ ಓಡುತ್ತಿರುತ್ತಾರೆ. ಹಾಗೆ ಮಾಡದೆ, ಕೊನೆಯ ಮೂರು ದಿನಗಳನ್ನು ಒಂದೇ ಊರಿಗೆ ಮೀಸಲಿಡಿ. ನನ್ನ ದೃಷ್ಟಿಯಲ್ಲಿ ಪೋರ್ಚುಗಲ್ ರಾಜಧಾನಿ ಲಿಸ್ಬನ್ ಇದಕ್ಕೆ ಬಹಳ ಒಪ್ಪುತ್ತದೆ: ಯುರೋಪಿನ ಮುಖ್ಯ ಭೂಭಾಗದ ಪಶ್ಚಿಮದ ತುದಿಯಾದ ಕಾಬೊ ದ ರೋಕಾ ಹತ್ತಿರದಲ್ಲೇ ಇದೆ, 1497ರಲ್ಲಿ ವಾಸ್ಕೋ ಡ ಗಾಮ ಭಾರತದತ್ತ ಹೊರಟದ್ದೂ ಇಲ್ಲಿನ ಟೇಗಸ್ ನದಿಯ ದಡದಿಂದಲೇ.

ಲಿಸ್ಬನ್ ನಗರದ ಬೆಲೆಮ್ ಬಡಾವಣೆಯ ನದೀತೀರದಲ್ಲಿ ಕುಳಿತು, ಮೊದಲು ಇಬ್ಬರೂ ಬೇರೆಬೇರೆಯಾಗಿ ಬರೆಯಿರಿ: ಯಾವ ಊರು ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ದಣಿವಾಯಿತು, ಸಂಗಾತಿಗಾಗಿ ಏನನ್ನು ಬಿಟ್ಟುಕೊಟ್ಟಿರಿ. ಆಮೇಲೆ ಒಬ್ಬರಿಗೊಬ್ಬರು ಓದಿ ಹೇಳಿ. ನೇರವಾಗಿ ಮಾತಿಗಿಳಿದರೆ ಒಬ್ಬರ ನೆನಪು ಇನ್ನೊಬ್ಬರದನ್ನು ನುಂಗಿಬಿಡುವುದರಿಂದ, ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಸಂಗಾತಿಯು ಬೇಸರವನ್ನು ಹೇಳಿಕೊಂಡಾಗ ಸಮರ್ಥನೆಗೆ ಹೋಗದೆ ಪೂರ್ತಿ ಕೇಳಿ. ವಾರಗಟ್ಟಲೆ ಒಂದೇ ಕೋಣೆಯಲ್ಲಿ ಕಳೆದವರಲ್ಲಿ ಹೇಳದೆ ಉಳಿದ ಮಾತುಗಳು ಇದ್ದೇ ಇರುತ್ತವೆ. ಖರ್ಚಿನ ಲೆಕ್ಕವನ್ನು ಅಂದು ಮುಟ್ಟಬೇಡಿ.

ಭಾರತದ ಗಡಿಯಾರವು ಲಿಸ್ಬನ್‌ಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದಿರುತ್ತದೆ. ಪೂರ್ವದ ಕಡೆಗೆ ಮರಳುವಾಗ ನಿದ್ರೆ ಹೊಂದಿಕೊಳ್ಳುವುದು ಸಾಮಾನ್ಯವಾಗಿ ಹೆಚ್ಚು ಕಷ್ಟವಾದ್ದರಿಂದ, ಊರಿಗೆ ಬಂದ ಮೊದಲ ವಾರಾಂತ್ಯದಲ್ಲಿ ನೆಂಟರನ್ನು ಊಟಕ್ಕೆ ಕರೆಯದೆ, ಬರೆದ ಹಾಳೆಗಳನ್ನು ಫೋಟೊಗಳ ಜೊತೆ ಜೋಡಿಸಿಡಿ.