ಪ್ರೊಲಾಗ್‌ನಲ್ಲಿ ಪಠ್ಯ ಮತ್ತು ದಿನಾಂಕ: ಒಳಬರುವಾಗಲೇ ಬಿಡಿಸಿಕೊಳ್ಳಿ

ನಿಯಮಗಳನ್ನು ಬರೆದು ಉತ್ತರ ಹುಡುಕಿಸುವ ಪ್ರೋಗ್ರಾಮಿಂಗ್ ಭಾಷೆಯಾದ ಪ್ರೊಲಾಗ್‌ನಲ್ಲಿ ದಿನಾಂಕದ ಲೆಕ್ಕ ತಪ್ಪಿದರೆ ದೋಷ ಸಾಮಾನ್ಯವಾಗಿ ಲೆಕ್ಕದಲ್ಲಿರುವುದಿಲ್ಲ, ಪಠ್ಯದಲ್ಲಿರುತ್ತದೆ. ಹಾಗಾಗಿ ಹೊರಗಿನಿಂದ ಬಂದ ಪಠ್ಯವನ್ನು ಬಾಗಿಲಲ್ಲೇ ಸಂಖ್ಯೆಗಳಾಗಿ ಬಿಡಿಸಿ, ಒಳಗೆಲ್ಲ ಡೇಟ್(ವರ್ಷ, ತಿಂಗಳು, ದಿನ) ರೂಪದಲ್ಲೇ ಇಟ್ಟುಕೊಂಡು, ಹೊರಗೆ ತೋರಿಸುವಾಗ ಮಾತ್ರ ಮತ್ತೆ ಪಠ್ಯ ಮಾಡಿ. ಇಲ್ಲಿರುವುದೆಲ್ಲ ಪ್ರೊಲಾಗ್ ಓಡಿಸುವ ತಂತ್ರಾಂಶವಾದ ಎಸ್‌ಡಬ್ಲ್ಯುಐ-ಪ್ರೊಲಾಗ್ 7 ಮತ್ತು ನಂತರದ ಆವೃತ್ತಿಗಳಿಗೆ ಅನ್ವಯ. ಸಿದ್ಧ ಪ್ರೆಡಿಕೇಟ್‌ಗಳ (ಭಾಷೆಯಲ್ಲೇ ಇರುವ, ಹೆಸರು ಹಿಡಿದು ಕರೆಯುವ ನಿಯಮಗಳ) ಹೆಸರನ್ನೂ ಡೇಟ್, ಈಸ್, ಲೋಕಲ್ ಪದಗಳನ್ನೂ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಉದ್ಧರಣ ಚಿಹ್ನೆಗಳು. ಒಂಟಿ ಚಿಹ್ನೆಯೊಳಗೆ ಬರೆದದ್ದು ಆಟಮ್ (ಒಂದು ಸ್ಥಿರ ಹೆಸರು), ಜೋಡಿ ಚಿಹ್ನೆಯೊಳಗೆ ಬರೆದದ್ದು ಸ್ಟ್ರಿಂಗ್ (ಅಕ್ಷರಗಳ ಸಾಲು). 'ಮೈಸೂರು' = "ಮೈಸೂರು" ಎಂದು ಕೇಳಿದರೆ ಉತ್ತರ ಫಾಲ್ಸ್. ಎರಡರ ಜಾತಿಯೇ ಬೇರೆಯಾದ್ದರಿಂದ ಅವು ಯೂನಿಫೈ ಆಗುವುದಿಲ್ಲ (ಒಂದಕ್ಕೊಂದು ಹೊಂದುವುದಿಲ್ಲ), ದೋಷಸೂಚನೆಯೂ ಬರುವುದಿಲ್ಲ. "ನಿಯಮ ಸರಿಯಿದೆ, ಉತ್ತರ ಮಾತ್ರ ಬರುತ್ತಿಲ್ಲ" ಎನ್ನುವ ಸ್ಥಿತಿ ಬಂದರೆ ಮೊದಲು ಇದನ್ನೇ ನೋಡಿ. ಇನ್ನೊಂದು: ಕನ್ನಡದಲ್ಲಿ ದೊಡ್ಡಕ್ಷರ ಇಲ್ಲದ ಕಾರಣ ಕನ್ನಡ ಅಕ್ಷರದಿಂದ ಶುರುವಾಗುವ ಹೆಸರನ್ನು ಪ್ರೊಲಾಗ್ ಆಟಮ್ ಎಂದೇ ಓದುತ್ತದೆ. ವೇರಿಯೇಬಲ್ ಬೇಕಿದ್ದರೆ ಮುಂದೆ ಅಡಿಗೆರೆ ಹಾಕಿ: _ದಿನ.

ಪಠ್ಯ ಬಿಡಿಸಲು ಸ್ಪ್ಲಿಟ್_ಸ್ಟ್ರಿಂಗ್ ಸಾಕು. ಎರಡನೆಯ ಆರ್ಗ್ಯುಮೆಂಟ್ ಒಂದು ಪದವಲ್ಲ, ಬೇರ್ಪಡಿಸುವ ಚಿಹ್ನೆಗಳ ಗುಂಪು. ಮೂರನೆಯದು ಪ್ರತಿ ತುಂಡಿನ ಅಂಚಿನಿಂದ ತೆಗೆದುಹಾಕಬೇಕಾದ ಚಿಹ್ನೆಗಳು.

ಓದು(_ಪಠ್ಯ, ಡೇಟ್(_ವ, _ತಿ, _ದಿ)) :-
    ಸ್ಪ್ಲಿಟ್_ಸ್ಟ್ರಿಂಗ್(_ಪಠ್ಯ, "-/.", " ", [_ದಿ1, _ತಿ1, _ವ1]),
    ನಂಬರ್_ಸ್ಟ್ರಿಂಗ್(_ದಿ, _ದಿ1),
    ನಂಬರ್_ಸ್ಟ್ರಿಂಗ್(_ತಿ, _ತಿ1),
    ನಂಬರ್_ಸ್ಟ್ರಿಂಗ್(_ವ, _ವ1).

01-11-2024, 01/11/2024, 1.11.2024 ಮೂರೂ ಇದರಲ್ಲಿ ಒಂದೇ ಉತ್ತರ ಕೊಡುತ್ತವೆ. ನಂಬರ್_ಸ್ಟ್ರಿಂಗ್ ಸಾಲುಗಳನ್ನು ಬಿಡಬೇಡಿ. ಬಿಟ್ಟರೆ ತಿಂಗಳು "11" ಎಂಬ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ, ಮತ್ತು ಪ್ರೊಲಾಗ್‌ನ ಪ್ರಮಾಣಿತ ಕ್ರಮದಲ್ಲಿ ಯಾವುದೇ ಸ್ಟ್ರಿಂಗ್ ಎಲ್ಲ ಸಂಖ್ಯೆಗಳ ನಂತರವೇ ಬರುತ್ತದೆ. ಆಗ ವಿಂಗಡಣೆ ಸದ್ದಿಲ್ಲದೆ ಕೆಡುತ್ತದೆ. ಮೂರೂ ಪೂರ್ಣಾಂಕಗಳಾಗಿದ್ದರೆ @< ಹಾಕಿ ಹೋಲಿಸಿದರೆ ಸಾಕು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ನೋಡಲಾಗುತ್ತದೆ. 24 ಎಂದಷ್ಟೇ ಬರೆದ ವರ್ಷವೂ ಈ ನಿಯಮದಲ್ಲಿ ದಾಟಿಬಿಡುತ್ತದೆ, ಹಾಗಾಗಿ _ವ > 1900 ಎಂಬಂಥ ಷರತ್ತನ್ನು ನಿಮ್ಮ ದತ್ತಾಂಶಕ್ಕೆ ತಕ್ಕಂತೆ ಸೇರಿಸಿ.

ದತ್ತಾಂಶದಲ್ಲಿ ಕನ್ನಡ ಅಂಕಿಗಳಿದ್ದರೆ (೦೧-೧೧-೨೦೨೪) ಬಿಡಿಸುವ ಮೊದಲೇ ಬದಲಿಸಿ. ಯೂನಿಕೋಡ್‌ನಲ್ಲಿ ೦ ಯಿಂದ ೯ ರವರೆಗಿನ ಸಂಕೇತ 3302 ರಿಂದ 3311. ಸಾಮಾನ್ಯ ಸೊನ್ನೆಯದು 48. ವ್ಯತ್ಯಾಸ 3254.

ಅಂಕಿ(_ಕ, _ಹೊ) :- _ಕ >= 3302, _ಕ =< 3311, !, _ಹೊ ಈಸ್ _ಕ - 3254.
ಅಂಕಿ(_ಕ, _ಕ).

ಸ್ಟ್ರಿಂಗ್_ಕೋಡ್ಸ್‌ನಿಂದ ಪಟ್ಟಿ ಮಾಡಿ, ಮ್ಯಾಪ್‌ಲಿಸ್ಟ್ ಮೂಲಕ ಪಟ್ಟಿಯ ಪ್ರತಿಯೊಂದಕ್ಕೂ ಅಂಕಿ ನಿಯಮ ಹಾಯಿಸಿ, ಮತ್ತೆ ಸ್ಟ್ರಿಂಗ್ ಮಾಡಿ. ಕನ್ನಡ ಪಠ್ಯಕ್ಕೆ ಇನ್ನೆರಡು ಎಚ್ಚರಿಕೆ ಬೇಕು. ಸ್ಟ್ರಿಂಗ್_ಲೆಂಗ್ತ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಎಣಿಸುವ ಅಕ್ಷರಗಳನ್ನಲ್ಲ: "ಕನ್ನಡ"ಕ್ಕೆ 5, "ಕರ್ನಾಟಕ"ಕ್ಕೆ 7. ಸಬ್_ಸ್ಟ್ರಿಂಗ್‌ನಿಂದ ಲೆಕ್ಕ ಹಾಕಿ ಕತ್ತರಿಸಿದರೆ ಒತ್ತಕ್ಷರದ ನಡುವೆ ತುಂಡಾಗಬಹುದು. ಜೊತೆಗೆ "ಕೊ" ಎಂಬುದನ್ನು ಎರಡು ಬಗೆಯ ಸಂಕೇತ ಸರಣಿಯಲ್ಲಿ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ಯೂನಿಕೋಡ್ ಲೈಬ್ರರಿಯ ಯೂನಿಕೋಡ್_ಎನ್‌ಎಫ್‌ಸಿ ಅವನ್ನು ಒಂದೇ ರೂಪಕ್ಕೆ ತರುತ್ತದೆ. ಕಾಣಿಸದ ಜೋಡಕಗಳಾದ 8204, 8205 ಸಂಕೇತಗಳು ಹೆಸರುಗಳ ಹೋಲಿಕೆಯನ್ನು ಹೀಗೇ ಕೆಡಿಸುತ್ತವೆ; ಹುಡುಕುವ ಕೀಲಿಯಿಂದ ಅವನ್ನು ತೆಗೆದುಹಾಕಿ.

ಇನ್ನು ಲೆಕ್ಕ. ಡೇಟ್_ಟೈಮ್_ಸ್ಟ್ಯಾಂಪ್ ಒಂಬತ್ತು ಭಾಗಗಳ ಡೇಟ್ ಪದವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳನ್ನಾಗಿ, ಅಂದರೆ ಸ್ಟ್ಯಾಂಪ್ ಆಗಿ ಮಾಡುತ್ತದೆ. ಗಂಟೆ, ನಿಮಿಷ, ಸೆಕೆಂಡು, ವಲಯದ ಜಾಗದಲ್ಲಿ 0, ಕೊನೆಯ ಎರಡು ಜಾಗದಲ್ಲಿ ಅಡ್ಡಗೆರೆ ಕೊಡಿ. ಎರಡು ಸ್ಟ್ಯಾಂಪ್‌ಗಳನ್ನು ಕಳೆದು 86400ರಿಂದ ಭಾಗಿಸಿ ರೌಂಡ್ ಮಾಡಿದರೆ ದಿನಗಳ ಅಂತರ ಸಿಗುತ್ತದೆ. 2024ರ ನವೆಂಬರ್ 1ರಿಂದ 2025ರ ಜನವರಿ 14ಕ್ಕೆ 74.

ಮಿತಿ ಮೀರಿದ ದಿನವನ್ನು ಈ ಪ್ರೆಡಿಕೇಟ್ ತಾನೇ ಸರಿಪಡಿಸಿಕೊಳ್ಳುತ್ತದೆ: ನವೆಂಬರ್ 46 ಎಂದರೆ ಡಿಸೆಂಬರ್ 16. 45 ದಿನ ಕೂಡಿಸುವುದು ಇದರಿಂದ ಬಲು ಸುಲಭ. ಆದರೆ ಅದೇ ಗುಣದಿಂದ 2024ರ ಫೆಬ್ರವರಿ 30 ಎಂಬ ತಪ್ಪು ನಮೂದೂ ಮಾರ್ಚ್ 1 ಆಗಿ ಒಳಗೆ ಸೇರಿಕೊಳ್ಳುತ್ತದೆ. ತಡೆಯಲು ಹೋದದ್ದೇ ವಾಪಸ್ ಬಂತೇ ಎಂದು ನೋಡಿ:

ಸರಿ(ಡೇಟ್(_ವ, _ತಿ, _ದಿ)) :-
    ಡೇಟ್_ಟೈಮ್_ಸ್ಟ್ಯಾಂಪ್(ಡೇಟ್(_ವ, _ತಿ, _ದಿ, 0, 0, 0, 0, -, -), _ಸ),
    ಸ್ಟ್ಯಾಂಪ್_ಡೇಟ್_ಟೈಮ್(_ಸ, _ಪೂ, 'ಯುಟಿಸಿ'),
    ಡೇಟ್_ಟೈಮ್_ವ್ಯಾಲ್ಯೂ(ಡೇಟ್, _ಪೂ, ಡೇಟ್(_ವ, _ತಿ, _ದಿ)).

('ಯುಟಿಸಿ' ಮಾತ್ರ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಒಂಟಿ ಉದ್ಧರಣದೊಳಗೆ.) ಕೊನೆಯ ಸಾಲು ಬೇರೆ ದಿನಾಂಕ ಕೊಟ್ಟರೆ ಯೂನಿಫೈ ಆಗದೆ ನಿಯಮ ಸೋಲುತ್ತದೆ. ನಮಗೆ ಬೇಕಾದದ್ದೂ ಅದೇ.

ತಿಂಗಳು ಕೂಡಿಸುವುದು ಬೇರೆಯೇ ವಿಷಯ. 2025ರ ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿ 31, ಅಂದರೆ ಮಾರ್ಚ್ 3 ಬರುತ್ತದೆ. ಸಾಲದ ಕಂತಿಗೆ ಇದು ಒಪ್ಪುವುದಿಲ್ಲ. ಮೇಲಿನ 'ಸರಿ' ನಿಯಮ ಸೋತಾಗ, ಅದರ ಮುಂದಿನ ತಿಂಗಳ 1ನೇ ತಾರೀಕಿನ (ಇಲ್ಲಿ ಮಾರ್ಚ್ 1ರ) ಸ್ಟ್ಯಾಂಪ್‌ನಿಂದ 86400 ಕಳೆದು ತಿಂಗಳ ಕೊನೆಯ ದಿನ ಹಿಡಿಯಿರಿ.

ಇವತ್ತಿನ ದಿನಾಂಕಕ್ಕೆ ಗೆಟ್_ಟೈಮ್ ಕೊಡುವ ಸ್ಟ್ಯಾಂಪನ್ನು ಸ್ಟ್ಯಾಂಪ್_ಡೇಟ್_ಟೈಮ್‌ನಿಂದ ಬಿಡಿಸುವಾಗ ವಲಯವಾಗಿ ಲೋಕಲ್ ಕೊಡಿ. ಯುಟಿಸಿ ಕೊಟ್ಟರೆ ಭಾರತದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ನಿನ್ನೆಯ ತಾರೀಕು ಬರುತ್ತದೆ. ವಲಯದ ಅಂತರ ಇಲ್ಲಿ ಗ್ರೀನಿಚ್‌ನ ಪಶ್ಚಿಮಕ್ಕೆ ಧನ, ಪೂರ್ವಕ್ಕೆ ಋಣ; ನಮ್ಮದು -19800 ಸೆಕೆಂಡು. ಧನ ಚಿಹ್ನೆ ಹಾಕಿದರೆ ಉತ್ತರ 11 ಗಂಟೆ ಆಚೀಚೆ ಆಗುತ್ತದೆ.

ತೋರಿಸಲು ಫಾರ್ಮ್ಯಾಟ್_ಟೈಮ್ ಇದೆ. ಅದು ಮೂರು ಭಾಗಗಳ ಡೇಟ್ ಪದವನ್ನೂ ಸ್ವೀಕರಿಸುತ್ತದೆ. ವಾರದ ಹೆಸರು ಕನ್ನಡದಲ್ಲೇ ಬೇಕಿದ್ದರೆ ಯಂತ್ರದ ಲೊಕೇಲ್ (ಭಾಷೆ-ಪ್ರದೇಶದ ಹೊಂದಿಕೆ) ನಂಬುವ ಬದಲು ಡೇ_ಆಫ್_ದ_ವೀಕ್ ಕೊಡುವ ಸಂಖ್ಯೆಗೆ ಏಳು ಫ್ಯಾಕ್ಟ್ (ಷರತ್ತಿಲ್ಲದ ನಿಯಮ) ಬರೆದುಕೊಳ್ಳಿ: ವಾರ(1, "ಸೋಮವಾರ") ಎಂದು ಶುರುಮಾಡಿ, ವಾರ(7, "ಭಾನುವಾರ") ತನಕ.