ಚೊಂಬಲ್ಲಿ ಉಳಿಸಿದ್ದು ಕಮೋಡಲ್ಲಿ ಹೋಯ್ತು

ನಮ್ಮನೇಲಿ ನೀರಿನ ವಿಷ್ಯಕ್ಕೆ ನಾನೇ ಪೊಲೀಸು ಅಂತ ಎಲ್ರೂ ಆಡ್ಕೋತಾರೆ, ಆಡ್ಕೊಳ್ಲಿ ಬಿಡಿ. ಮೊಮ್ಮಗ ಹಲ್ಲುಜ್ಜೋವಾಗ ನಲ್ಲಿ ಬಿಟ್ಟಿದ್ರೆ ಅಡುಗೆಮನೆಯಿಂದಲೇ ಸದ್ದು ಹಿಡಿದು ಕೂಗ್ತೀನಿ, ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಸೊಪ್ಪು ತೊಳೆದ ನೀರು ದಾಸವಾಳಕ್ಕೆ, ಬಾಗಿಲಿಗೆ ಒಂದೇ ಚೊಂಬು ನೀರು ಹಾಕಿ ರಂಗೋಲಿ. ಅಂಥ ನನ್ನ ಮನೇಲೇ ತಿಂಗಳಿಗೆ ಹತ್ತತ್ರ ಒಂಬತ್ತು ಸಾವಿರ ಲೀಟರ್ ಯಾರೂ ಮುಟ್ಟದೇನೇ ಹೋಗ್ತಿತ್ತು ಅಂದ್ರೆ ನಂಬ್ತೀರಾ? ನಾನೂ ನಂಬಿರ್ಲಿಲ್ಲ.

ಗೊತ್ತಾಗಿದ್ದು ಹೇಗೆ ಅಂದ್ರೆ, ಬೆಂಗಳೂರು ಜಲಮಂಡಳಿಯವ್ರು ನಮ್ ಲೇಔಟಿನ ಪಾರ್ಕಲ್ಲಿ ಒಂದು ಭಾನುವಾರ ಬೆಳಿಗ್ಗೆ ಶಾಮಿಯಾನ ಹಾಕಿ ನೀರು ಉಳಿಸೋದ್ರ ಬಗ್ಗೆ ಹೇಳಕ್ಕೆ ಬಂದಿದ್ರು. ಬಂದೋರೆಲ್ಲಾ ವಾಕಿಂಗ್ ಮುಗಿಸಿದ ನಮ್ಮಂಥ ವಯಸ್ಸಾದೋರೇ, ಅರ್ಧ ಜನ ಬಿಲ್ ಜಾಸ್ತಿ ಆಯ್ತು ಅಂತ ಜಗಳ ಆಡಕ್ಕೇ ಬಂದಿದ್ರು. ಎರಡು ನಲ್ಲಿ, ಎರಡು ಬಕೆಟ್ ಇಟ್ಟು ಒಂದಕ್ಕೆ ಏರೇಟರ್, ಅಂದ್ರೆ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡೋ ಸಣ್ಣ ಜಾಲರಿ, ಹಾಕಿ ಒಂದಕ್ಕೆ ಹಾಕ್ದೆ ಒಂದು ನಿಮಿಷ ಬಿಟ್ಟು ತೋರಿಸಿದ್ರು, ಬರೀ ನಲ್ಲೀದು ಬಕೆಟ್ಟಿನ ಮುಕ್ಕಾಲು ಬಂತು, ಏರೇಟರ್‌ದು ತಳದಿಂದ ಒಂದು ಗೇಣೂ ಏರಿರ್ಲಿಲ್ಲ. ಎಲ್ರೂ ಓಹೋ ಅಂದ್ರು. ನಾನು ಸ್ವಲ್ಪ ಜಂಬದಲ್ಲೇ ನಮ್ಮನೇಲಿ ಇದೆಲ್ಲಾ ಮೊದಲಿಂದಾನೂ ಮಾಡ್ತೀವಿ ಅಂದೆ. ಅಲ್ಲಿದ್ದ ಇಂಜಿನಿಯರ್ ಹುಡುಗಿ ನಕ್ಕೊಂಡು, "ಸರಿ ಅಮ್ಮಾ, ಆದ್ರೆ ರಾತ್ರಿ ಮಲಗೋ ಮುಂಚೆ ಮೇಲಿನ ಟ್ಯಾಂಕಿಗೆ ಯಾವತ್ತಾದ್ರೂ ಗೆರೆ ಹಾಕಿ ನೋಡಿದೀರಾ?" ಅಂದ್ಲು. ಇಲ್ಲ ಅಂದೆ. ನೋಡಿ ಅಮ್ಮಾ ಅಂತ ಅಷ್ಟೇ ಹೇಳಿ ಬೇರೆಯವ್ರ ಹತ್ರ ಹೋದ್ಲು.

ಈ ಗೆರೆ ವಿಷ್ಯ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಉಳಿದ ಉಪಾಯ ಎಲ್ಲಾ ಇದ್ರ ಮುಂದೆ ಚಿಲ್ರೆ. ಎಲ್ಲಾ ನಲ್ಲಿ ಮುಚ್ಚಿ ಮೀಟರ್ ತಿರುಗುತ್ತಾ ನೋಡಿ, ತಿರುಗಿದ್ರೆ ಲೀಕು ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಬೆಂಗಳೂರಿನ ಮನೆಗಳಿಗೆ ಅದು ನಡೆಯಲ್ಲ. ನಮ್ಮಲ್ಲಿ ಮೀಟರ್ ಇರೋದು ಸಂಪಿಗಿಂತ ಮುಂಚೆ, ನೀರು ಬಿಡೋದು ದಿನ ಬಿಟ್ಟು ದಿನ, ಬಂದಿದ್ದು ಮೀಟರ್ ದಾಟಿ ಸಂಪಿಗೆ ಬೀಳುತ್ತೆ, ಅಲ್ಲಿಂದ ಮೋಟ್ರು ಹಾಕಿ ಮೇಲಕ್ಕೆ ಏರಿಸ್ತೀವಿ, ಆಮೇಲೆ ಮನೆಯೊಳಗೆ ಎಲ್ಲಿ ಸೋರಿದ್ರೂ ಆ ಹೊತ್ತಿಗೆ ಮೀಟರ್ ಸುಮ್ನೆ ನಿಂತಿರುತ್ತೆ. ಆದ್ರಿಂದ ಗೆರೆ ಹಾಕ್ಬೇಕಾದ್ದು ಮೇಲಿನ ಟ್ಯಾಂಕಿಗೆ. ರಾತ್ರಿ ಎಲ್ರೂ ಮಲಗೋ ಹೊತ್ತಿಗೆ ಮೋಟ್ರು ಆಫ್ ಇರೋವಾಗ ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ನೀರಿರೋ ಮಟ್ಟಕ್ಕೆ ಒಂದು ತುಂಡು ಟೇಪ್ ಅಂಟಿಸಿ, ಟ್ಯಾಂಕ್ ತುಂಬಾ ಆಳ ಇದ್ರೆ ಒಂದು ಕೋಲು ಇಳಿಬಿಟ್ಟು ಒದ್ದೆ ಎಲ್ಲೀತನಕ ಬಂತು ಅಂತ ಗುರುತು ಮಾಡ್ಕೊಳ್ಳಿ. ಬೆಳಿಗ್ಗೆ ಯಾರೂ ಬಚ್ಚಲಿಗೆ ಹೋಗೋ ಮುಂಚೆ ಹೋಗಿ ನೋಡಿ. ರಾತ್ರಿ ಯಾರಾದ್ರೂ ಎದ್ದು ಫ್ಲಶ್ ಮಾಡಿದ್ರೆ ಎಷ್ಟು ಸಲ ಅಂತ ಕೇಳ್ಕೊಂಡು ಕಳೀರಿ, ನಮ್ಮೆಜಮಾನ್ರಂಥವ್ರು ಇದ್ರೆ ಎರಡು ಸಲ ಅಂತೂ ಗ್ಯಾರಂಟಿ.

ನಂಗೆ ಮಂಡಿ ನೋವು, ಏಣಿ ಹತ್ತಕ್ಕಾಗಲ್ಲ, ಮೊಮ್ಮಗನ್ನ ಹತ್ತಿಸ್ದೆ. ಅವನು ಮೇಲಿಂದ ಕೂಗಿದ, ಅಜ್ಜೀ ನಾಲ್ಕು ಇಂಚು ಇಳಿದಿದೆ ಅಂತ. ನಮ್ದು ಸಾವಿರ ಲೀಟರಿಂದು, ದುಂಡಗಿರೋ ಕಪ್ಪು ಟ್ಯಾಂಕು, ಅದ್ರಲ್ಲಿ ನಾಲ್ಕು ಇಂಚು ಅಂದ್ರೆ 85-90 ಲೀಟರ್. ಏಳು ಗಂಟೆಗೆ ಇಷ್ಟು ಅಂದ್ರೆ ದಿನಕ್ಕೆ 300, ತಿಂಗಳಿಗೆ 9 ಸಾವಿರ, ಅಂದ್ರೆ ಆರು ಸಾವಿರ ಲೀಟರಿನ ಟ್ಯಾಂಕರ್ ಒಂದೂವರೆ! ಜಲಮಂಡಳಿ ಬಿಲ್ಲಲ್ಲಿ ಮೊದಲ್ನೇ ಸ್ಲ್ಯಾಬೇ 8 ಸಾವಿರ ಲೀಟರ್‌ದು, ಅದ್ರ ಮೇಲೆ ಬಳಸಿದಷ್ಟೂ ಲೀಟರಿನ ರೇಟೇ ಏರುತ್ತೆ. ಹತ್ತು ವರ್ಷಕ್ಕೂ ಮೇಲೆ ಮುಟ್ಟದೇ ಇದ್ದ ದರಾನ 2025ರ ಏಪ್ರಿಲಲ್ಲಿ ಏರಿಸಿದಾಗ ನಾನೂ ಎಲ್ರ ಜೊತೆ ಬೈದಿದ್ದೆ, ಒಂದು ಸ್ಲ್ಯಾಬಿಗಿಂತ ಜಾಸ್ತಿ ನಾನೇ ಚೆಲ್ತಿದೀನಿ ಅಂತ ಯಾರಿಗೆ ಗೊತ್ತಿತ್ತು.

ಎಲ್ಲಿ ಸೋರ್ತಿದೆ ಅಂತ ಹುಡುಕಕ್ಕೆ ಪ್ಲಂಬರ್ ಬೇಕಿಲ್ಲ. ಬಿಳಿ ಬಟ್ಟೆಗೆ ಹಾಕೋ ನೀಲಿ ಇರುತ್ತಲ್ಲ, ಅದನ್ನ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡ್ದೆ ಅರ್ಧ ಗಂಟೆ ಬಿಟ್ಟು ಕಮೋಡ್ ಒಳಗೆ ನೋಡಿ. ನೀರು ನೀಲಿ ಆಗಿದ್ರೆ ಒಳಗಿನ ವಾಷರ್ ಹೋಗಿದೆ ಅಂತ ಅರ್ಥ. ನಮ್ಮನೇಲಿ ಎರಡು ಟಾಯ್ಲೆಟ್ಟು, ಮಹಡಿ ಮೇಲಿಂದು ನೀಲಿ ಆಗಿತ್ತು. ಸದ್ದೇ ಇಲ್ಲ ರೀ, ಹನಿ ಬಿದ್ರೆ ಟಪ್ ಅಂತಾದ್ರೂ ಕೇಳುತ್ತೆ, ಇದು ಪಿಂಗಾಣಿ ಮೇಲೆ ಎಣ್ಣೆ ಜಾರಿದ ಹಾಗೆ ತೆಳ್ಳಗೆ ಇಳೀತಾ ಇರುತ್ತೆ, ಬೆರಳಿಟ್ರೆ ಮಾತ್ರ ಗೊತ್ತಾಗೋದು. ಒಂದು ರಬ್ಬರ್ ವಾಷರ್ ಹಾಕಿಸಿದ್ದಾಯ್ತು, ಮಾರನೇ ದಿನ ಟೇಪ್ ಹಾಕಿದ ಜಾಗದಲ್ಲೇ ನೀರು ನಿಂತಿತ್ತು.

ಅಲ್ಲೇ ಫ್ಲಶ್ ಟ್ಯಾಂಕಿನ ಇನ್ನೊಂದು ಮಾತು. ಹಳೇ ಟ್ಯಾಂಕುಗಳು ಒಂದ್ಸಲಕ್ಕೆ ಹತ್ತು ಲೀಟರ್ ಬಿಡ್ತಾವೆ, ಅದ್ರೊಳಗೆ ಒಂದು ಲೀಟರಿನ ಬಾಟ್ಲಿಗೆ ಮರಳು ತುಂಬಿ ಬಿರಡೆ ಬಿಗಿ ಮಾಡಿ ನಿಲ್ಲಿಸಿದ್ರೆ ಪ್ರತಿ ಸಲ ಒಂದು ಲೀಟರ್ ಉಳೀತು. ಇಟ್ಟಿಗೆ ಮಾತ್ರ ಇಡ್ಬೇಡಿ, ನನ್ನ ತಂಗಿ ಇಟ್ಟು ಅದು ಕರಗಿ ಪುಡಿಯೆಲ್ಲಾ ವಾಷರ್ ಕೆಳಗೆ ಕೂತು, ಉಳಿಸೋದಕ್ಕಿಂತ ಜಾಸ್ತಿ ಸೋರಿಸ್ಕೊಂಡ್ಲು.

ಸಂಪಿಗೂ ಇದೇ ಪರೀಕ್ಷೆ, ನೀರು ಬಿಡದ ದಿನ ಮಾಡ್ಬೇಕು ಅಷ್ಟೇ. ಕೋಲು ಇಳಿಬಿಟ್ಟು ಗುರುತು, ಆ ರಾತ್ರಿ ಮೋಟ್ರು ಹಾಕ್ಬೇಡಿ. ಎಂಟಡಿ ಆರಡಿ ಸಂಪಲ್ಲಿ ಒಂದೇ ಇಂಚು ಇಳಿದ್ರೂ 110 ಲೀಟರಿಗೆ ಮೇಲೆ ಮಣ್ಣಿಗೆ ಹೋಯ್ತು ಅಂತ ಲೆಕ್ಕ. ಪಕ್ಕದಲ್ಲಿ ದೊಡ್ಡ ಮರ ಇದ್ರೆ ಬೇರು ಗೋಡೆ ಸೀಳಿರ್ಬೋದು. ಇನ್ನು ಮೇಲಿನ ಟ್ಯಾಂಕ್ ತುಂಬಿ ಹೊರಗೆ ಚೆಲ್ಲೋ ಕಥೆ ಹೇಳೋದೇ ಬೇಡ, ಮೋಟ್ರು ಹಾಕಿ ಮರೆಯೋದು ಅಂದ್ರೆ ಹಾಲು ಒಲೆ ಮೇಲಿಟ್ಟು ಫೋನ್ ಹಿಡ್ಕೊಂಡ ಹಾಗೇನೇ, ಒಂದು ಆಟೋಮ್ಯಾಟಿಕ್ ಸ್ವಿಚ್ ಹಾಕಿಸಿ ಮುಗಿಸಿ.

ಈಗಿನ ಮಕ್ಕಳಿಗೆ ಒಂದು ಗೊತ್ತಿಲ್ಲ ಅನ್ಸುತ್ತೆ, ನಮ್ ಬಚ್ಚಲಿಗೆ ಬರೋ ಕಾವೇರಿ ಎಲ್ಲಿಂದ ಬರ್ತಾಳೆ ಅಂತ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್, ಅದೂ ಇಳಿಜಾರಲ್ಲಿ ಹರಿದಲ್ಲ, ಹತ್ತತ್ರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರ್ಕೊಂಡು. ತೊರೆಕಾಡನಹಳ್ಳೀಲಿ ಒಂದ್ಸಲ, ಹಾರೋಹಳ್ಳೀಲಿ ಒಂದ್ಸಲ, ತಾತಗುಣೀಲಿ ಒಂದ್ಸಲ, ಮೂರು ಕಡೆ ಪಂಪ್ ಮಾಡಿ ತರ್ತಾರೆ. ಅಷ್ಟು ಕರೆಂಟು ಸುಟ್ಟು ಬಂದ ನೀರನ್ನ ನಾನು ಮೋಟ್ರು ಹಾಕಿ ಇನ್ನೆರಡು ಮಹಡಿ ಏರಿಸಿ ರಾತ್ರಿಯೆಲ್ಲಾ ಸುಮ್ನೆ ಮೋರಿಗೆ ಬಿಡ್ತಿದ್ದೆ.

2024ರ ಬೇಸಿಗೆ ನೆನಪಿದೆಯಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್ಲಲ್ಲಿ ಅರ್ಧದಷ್ಟು ಬತ್ತಿದಾವೆ ಅಂತ ಸರ್ಕಾರದವ್ರೇ ಹೇಳಿದ್ರು, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಕೈತೋಟಕ್ಕೆ ಬಿಟ್ರೆ 5 ಸಾವಿರ ದಂಡ ಅಂತ ಮಾರ್ಚಲ್ಲಿ ಜಲಮಂಡಳಿ ಆರ್ಡರ್ ಮಾಡ್ತು, ಇಪ್ಪತ್ತೆರಡು ಮನೆಯವ್ರು ದಂಡ ಕಟ್ಟಿದ್ದು ಪೇಪರಲ್ಲೂ ಬಂತು. ಆ ಅಕ್ಟೋಬರ್ 16ಕ್ಕೆ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರು, ಹೊರಗಿನ 110 ಹಳ್ಳಿಗಳಿಗೆ ಅಂತ. ಒಳ್ಳೇದಾಯ್ತು. ಆದ್ರೆ ಐದನೇ ಹಂತ ಬಂತಲ್ಲ ಅಂತ ನಮ್ ಎದುರುಮನೆಯವ್ರು ಮತ್ತೆ ಪೈಪ್ ಹಿಡಿದು ಕಾಂಪೌಂಡ್ ತೊಳೆಯಕ್ಕೆ ಶುರು ಮಾಡಿದಾರೆ, ಏನ್ ಹೇಳೋದು, ನೆಂಟಸ್ತನ ಕೆಡುತ್ತೆ ಅಂತ ಸುಮ್ನಿದೀನಿ.

ಬಚ್ಚಲಿನ ವಿಷ್ಯಕ್ಕೆ ಬರ್ತೀನಿ. ನಮ್ಮೂರಲ್ಲಿ ಮಹಡಿ ಮೇಲೆ ಸೋಲಾರ್ ಇಲ್ಲದ ಮನೆ ಕಮ್ಮಿ, ಬಿಸಿನೀರು ಕೆಳಗಿನ ಬಚ್ಚಲಿಗೆ ಬರೋ ಮುಂಚೆ ಪೈಪಲ್ಲಿ ನಿಂತಿರೋ ತಣ್ಣೀರೆಲ್ಲಾ ಹೋಗ್ಬೇಕು, ಐದಾರು ಲೀಟರ್ ಆಗುತ್ತೆ. ನಮ್ಮನೇಲಿ ಬೆಳಿಗ್ಗೆ ಆರಕ್ಕೆ ಒಬ್ರು, ಏಳೂವರೆಗೆ ಒಬ್ರು, ಒಂಬತ್ತಕ್ಕೆ ಒಬ್ರು ಸ್ನಾನ, ಪ್ರತಿಯೊಬ್ರೂ ಆ ತಣ್ಣೀರು ಚೆಲ್ಲೋದು. ಸೊಸೆ ಹತ್ರ ಮಾತಾಡಿ ಒಬ್ರಾದ ಮೇಲೆ ಒಬ್ರು ತಕ್ಷಣ ಹೋಗೋ ಹಾಗೆ ಮಾಡಿದ್ವಿ, ಪೈಪು ಬಿಸಿ ಇರುತ್ತೆ, ಮೊದಲ್ನೇಯವ್ರ ತಣ್ಣೀರು ಒಂದು ಬಕೆಟ್ಟಿಗೆ ಹಿಡ್ಕೊಂಡ್ರೆ ನೆಲ ಒರೆಸಕ್ಕೆ ಆಯ್ತು. ಶವರ್ ಬೇಡ ಅಂತ ನಾನು ಹೇಳಲ್ಲ, ಹೇಳಿದ್ರೂ ಯಾರು ಕೇಳ್ತಾರೆ, ಆದ್ರೆ ಸೋಪು ಹಚ್ಕೊಳ್ಳೋವಾಗ ನಿಲ್ಲಿಸ್ಲಿ. ಬಕೆಟ್ ಸ್ನಾನ ಇಪ್ಪತ್ತು ಲೀಟರಲ್ಲಿ ಮುಗಿಯುತ್ತೆ, ತಲೆಗೆ ಹಾಕ್ಕೊಂಡ್ರೆ ಇನ್ನೊಂದು ಬಕೆಟ್ಟು.

ಕಾವೇರಿ ನೀರಿಗೆ ಆರ್‌ಓ, ಅಂದ್ರೆ ನೀರಿನ ಉಪ್ಪಂಶ ಸೋಸೋ ಮಿಷನ್, ಯಾಕೆ ಹಾಕಿಸ್ತಾರೋ ನಂಗಂತೂ ಅರ್ಥ ಆಗಲ್ಲ. ಬೋರ್ ನೀರು ಗಡಸು, ಅದಕ್ಕೆ ಬೇಕಾಗ್ಬೋದು. ಕಾವೇರಿ ನೀರು ಅಷ್ಟು ಗಡಸಲ್ಲ, ಕಾಯಿಸಿ ಆರಿಸಿದ್ರೆ ಸಾಕು, ನಾವು ತಾಮ್ರದ ಕೊಡದಲ್ಲೇ ಇಡೋದು. ಆರ್‌ಓ ಮಿಷನ್ ಒಂದು ಲೀಟರ್ ಕೊಟ್ರೆ ಎರಡು ಮೂರು ಲೀಟರ್ ಹೊರಗೆ ಹಾಕುತ್ತೆ. ಇರೋರು ಆ ಸಣ್ಣ ಪೈಪು ಸಿಂಕಿಗೆ ಬಿಡ್ದೆ ಒಂದು ಕ್ಯಾನಿಗೆ ಬಿಟ್ಕೊಳ್ಳಿ, ಟಾಯ್ಲೆಟ್ ತೊಳೆಯಕ್ಕೆ, ಬಾಗಿಲಿಗೆ ಹಾಕಕ್ಕೆ ಬರುತ್ತೆ. ಬೋರ್ ನೀರಿನ ಆರ್‌ಓ ಆದ್ರೆ ಗಿಡಕ್ಕೆ ದಿನಾ ಹಾಕ್ಬೇಡಿ, ಅದ್ರಲ್ಲಿ ಉಪ್ಪಂಶ ಜಾಸ್ತಿ, ನನ್ನ ಎರಡು ಕುಂಡದ ಮಲ್ಲಿಗೆ ಎಲೆ ಅಂಚು ಸುಟ್ಕೊಂಡು ಹೋಗಿದ್ದು ಹಾಗೇನೇ.

ಪಾತ್ರೆ ತೊಳೆಯೋದಕ್ಕೆ ಜಾಸ್ತಿ ಹೇಳೋದಿಲ್ಲ. ಎಂಜಲು ಬಳಿದು ಒಂದು ಬೋಗುಣಿ ನೀರಲ್ಲಿ ನೆನೆಹಾಕಿ, ಎಲ್ಲಾ ಸೋಪು ಹಚ್ಚಿ ಆಮೇಲೆ ಒಟ್ಟಿಗೆ ತೊಳೀರಿ, ಕೆಲ್ಸಕ್ಕೆ ಬರೋರಿಗೆ ಬೈದು ಹೇಳ್ಬೇಡಿ, ಒಂದ್ಸಲ ಜೊತೇಲಿ ನಿಂತು ತೋರಿಸಿ. ಮತ್ತೆ ನಿನ್ನೆ ಹಿಡಿದ ನೀರು ಹಳೇದು ಅಂತ ಬೆಳಿಗ್ಗೆ ಕೊಡ ಪೂರ್ತಿ ಚೆಲ್ಲಿ ಹೊಸದು ತುಂಬೋ ಅಭ್ಯಾಸ ನಮ್ಮತ್ತೆ ಕಾಲದ್ದು, ಆಗ ಹಿತ್ತಲಲ್ಲಿ ಬಾವಿ ಇತ್ತು, ಹಸುವಿಗೆ ಕಲಗಚ್ಚಿನ ಬಾನಿಗೆ ಹೋಗ್ತಿತ್ತು. ಈಗ ಬಾವೀನೂ ಇಲ್ಲ ಹಸೂನೂ ಇಲ್ಲ, ಚೆಲ್ಲೋದು ಮಾತ್ರ ಉಳ್ಕೊಂಡಿದೆ.

ಮಳೆನೀರು ಕೊಯ್ಲಿನ ಬಗ್ಗೆ ನಮ್ಮೆಜಮಾನ್ರು ಮೊದಲು ಕಾನೂನಿಗೆ ಹೆದರಿ ಮಾಡಿಸಿದ್ದು, 2009ರಿಂದ ಬೆಂಗಳೂರಲ್ಲಿ ಅರವತ್ತು ನಲ್ವತ್ತು ಸೈಟಿನ ಹಳೇ ಮನೆಗೆ, ಮೂವತ್ತು ನಲ್ವತ್ತರ ಹೊಸ ಮನೆಗೆ ಕಡ್ಡಾಯ. ಲೆಕ್ಕ ಹಾಕಿದ್ರೆ ಹೆದರಿಕೆ ಬೇಕಿಲ್ಲ ಕಣ್ರೀ, ಸಾವಿರ ಚದರಡಿ ಛಾವಣಿ ಮೇಲೆ ನಮ್ಮೂರಿನ ವರ್ಷದ ಮಳೆ, ಒಂಬೈನೂರು ಚಿಲ್ಲರೆ ಮಿಲಿಮೀಟರ್, ಬಿದ್ರೆ ಆವಿ, ಮೊದಲ ಕೊಳೆ ನೀರು ಎಲ್ಲಾ ಕಳೆದೂ 70 ಸಾವಿರ ಲೀಟರ್ ಸಿಗುತ್ತೆ. ಇಲ್ಲೇ ವಿಜ್ಞಾನಿ ಎ.ಆರ್. ಶಿವಕುಮಾರ್ ಅವ್ರು ಜಲಮಂಡಳಿ ಕನೆಕ್ಷನ್ನೇ ತಗೊಳ್ದೆ ವರ್ಷಾನುಗಟ್ಲೆ ಮಳೆನೀರಲ್ಲೇ ಸಂಸಾರ ನಡೆಸಿ ತೋರಿಸಿದಾರೆ. ಜಯನಗರ ಐದನೇ ಬ್ಲಾಕಲ್ಲಿ ಜಲಮಂಡಳಿಯ ಮಳೆನೀರು ಪಾರ್ಕ್ ಇದೆ, ಬೇರೆ ಬೇರೆ ಥರದ ಮಾದರಿ ಎಲ್ಲಾ ಅಲ್ಲೇ ಮಾಡಿಟ್ಟಿದಾರೆ, ಮನೆ ಕಟ್ಟಿಸೋರು ಮೇಸ್ತ್ರೀನ ಜೊತೇಲಿ ಕರ್ಕೊಂಡು ಹೋಗಿ ತೋರಿಸಿ, ಬಾಯಲ್ಲಿ ಹೇಳಿದ್ರೆ ಅವ್ರು ಒಂದು ಕೇಳಿ ಇನ್ನೊಂದು ಮಾಡ್ತಾರೆ. ಮೇ ತಿಂಗಳ ಮೊದಲ್ನೇ ಮಳೆಗೆ ಮುಂಚೆ ತಾರಸಿ ಗುಡಿಸೋದು ಮರೀಬೇಡಿ, ಪಾರಿವಾಳದ ಪಿಕ್ಕೆ ಎಲ್ಲಾ ಸಂಪಿಗೆ ಇಳಿಯುತ್ತೆ. ಮೊದಲ್ನೇ ಎರಡು ಮಳೆ ನಾವು ಹೊರಗೇ ಬಿಡ್ತೀವಿ.

ರಸ್ತೇಲಿ ಪೈಪ್ ಒಡೆದು ಹರೀತಿದ್ರೆ 1916ಗೆ ಫೋನ್ ಮಾಡಿ, ಯಾರೋ ಮಾಡಿರ್ತಾರೆ ಅಂತ ಎಲ್ರೂ ಅಂದ್ಕೊಂಡೇ ಎರಡು ದಿನ ಹರಿಯೋದು. ಬಿಲ್ ಸಮಸ್ಯೆಗೆ ಸಬ್‌ಡಿವಿಷನ್ನುಗಳಲ್ಲಿ ದೂರು ಕೇಳೋ ನೀರಿನ ಅದಾಲತ್ ನಡೆಸ್ತಾರೆ, ಹಳೇ ಬಿಲ್ಲುಗಳೆಲ್ಲಾ ಜೋಡಿಸ್ಕೊಂಡು ಹೋಗಿ, ಆದ್ರೆ ಹೋಗೋ ಮುಂಚೆ ಒಂದು ರಾತ್ರಿ ಟ್ಯಾಂಕಿಗೆ ಟೇಪ್ ಅಂಟಿಸಿ ನೋಡ್ಕೊಂಡೇ ಹೋಗಿ.

ಆ ಏರೇಟರ್ ವಿಷ್ಯ ಬಾಕಿ ಇತ್ತು. ಅಪಾರ್ಟ್‌ಮೆಂಟು ಹೋಟೆಲುಗಳಿಗೆ 2024ರಲ್ಲೇ ಕಡ್ಡಾಯ ಮಾಡಿದ್ರು, ನಮ್ಮಂಥ ಸ್ವಂತ ಮನೆಯವ್ರಿಗೆ ಇಷ್ಟ ಇದ್ರೆ. ಸಿಂಕಿಗೆ, ವಾಷ್ ಬೇಸಿನ್ನಿಗೆ ಹಾಕಿ, ಬಕೆಟ್ ತುಂಬೋ ನಲ್ಲಿಗೆ ಹಾಕ್ಬೇಡಿ, ಬಕೆಟ್ಟಿಗೆ ಬೇಕಾದಷ್ಟು ನೀರು ಬೇಕೇ ಬೇಕು, ಸುಮ್ನೆ ನಿಂತು ಕಾಯೋದೊಂದು ಲಾಭ. ಬೋರ್ ನೀರು ಆದ್ರೆ ಅದ್ರ ಜಾಲರಿಗೆ ಬಿಳೀ ಗಟ್ಟಿ ಕಟ್ಟುತ್ತೆ, ಬಿಚ್ಚಿ ಹುಣಸೆಹುಳೀಲಿ ರಾತ್ರಿಯೆಲ್ಲಾ ನೆನೆಹಾಕಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದ್ರೆ ಹೊಸದ್ರ ಹಾಗಾಗುತ್ತೆ. ಅಂಗಡಿಗೆ ಹೋಗೋವಾಗ ನಲ್ಲೀ ಮೂತಿಯಲ್ಲಿರೋ ಹಳೇದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಹೋಗಿ, ತಿರುಪಿನ ಗೆರೆ ಒಳಗಡೆ ಇರುತ್ತೋ ಹೊರಗಡೆ ಇರುತ್ತೋ ಅಂತ ಅಂಗಡಿಯವ್ನು ಕೇಳ್ತಾನೆ, ನಾನು ಅದು ಗೊತ್ತಿಲ್ದೆ ಬಿಸ್ಲಲ್ಲಿ ಎರಡು ಸಲ ತಿರುಗಿ, ಮೂರನೇ ಸಲ ನಲ್ಲೀನೇ ಬಿಚ್ಕೊಂಡು ಹೋಗಿದ್ದೆ.