ಬೆನ್ನುಡಿಯನ್ನು ಮೊದಲು ಬರೆಯಿರಿ

ನಿಮ್ಮ ಪುಸ್ತಕ ಯಾವುದರ ಬಗ್ಗೆ ಎಂದು ಕೇಳಿದರೆ ತಡವರಿಸದೆ ಉತ್ತರಿಸುವ ಲೇಖಕರು ಕಡಿಮೆ. ವರ್ಷಗಟ್ಟಲೆ ಅದರೊಳಗೇ ಮುಳುಗಿದ್ದವರಿಗೆ ಅದನ್ನು ಹೊರಗೆ ನಿಂತು ನೋಡುವುದು ಸುಲಭವಲ್ಲ. ಆದ್ದರಿಂದಲೇ ಪುಸ್ತಕದ ಹಿಂಬದಿಯ ಹೊದಿಕೆಯ ಮೇಲೆ ಅಚ್ಚಾಗುವ ಬೆನ್ನುಡಿಯ ಕೆಲಸವನ್ನು ಅಚ್ಚಿಗೆ ಹೋಗುವ ಹಿಂದಿನ ದಿನದವರೆಗೂ ತಳ್ಳುತ್ತಾ ಬಂದು, ಕೊನೆಗೆ ಹಿರಿಯರೊಬ್ಬರಿಂದ ನಾಲ್ಕು ಒಳ್ಳೆಯ ಮಾತು ಬರೆಸಿಕೊಂಡು ಕೈತೊಳೆದುಕೊಳ್ಳುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಮೊದಲ ಕರಡು ಮುಗಿದ ಕೂಡಲೇ, ತಿದ್ದಲು ಕೂರುವುದಕ್ಕೂ ಮುಂಚೆ, ನೂರು ನೂರಿಪ್ಪತ್ತು ಪದಗಳ ಬೆನ್ನುಡಿಯನ್ನು ನೀವೇ ಬರೆಯಿರಿ.

ಒಂದು ಕಾದಂಬರಿಯನ್ನು ಊಹಿಸಿಕೊಳ್ಳೋಣ. ಅದರ ಬೆನ್ನುಡಿ ‘ಮಾನವ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಮನೋಜ್ಞವಾಗಿ ಬಿಡಿಸಿಡುವ ಕೃತಿ’ ಎಂದು ಶುರುವಾದರೆ, ಆ ವಾಕ್ಯ ಇನ್ನಾವ ಪುಸ್ತಕದ ಬೆನ್ನಿಗಾದರೂ ಸಲ್ಲುತ್ತದೆ. ಅದರ ಬದಲು, ‘ಹನ್ನೆರಡು ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ನೆನಪು ಕಳೆದುಕೊಳ್ಳುತ್ತಿರುವ ತಾಯಿಯನ್ನು ಸರದಿಯ ಮೇಲೆ ನೋಡಿಕೊಳ್ಳಬೇಕಾಗಿ ಬಂದಾಗ, ಔಷಧದ ಚೀಟಿಯ ಹಿಂಬದಿಯಲ್ಲಿ ಒಬ್ಬರಿಗೊಬ್ಬರು ಬರೆದಿಡತೊಡಗುತ್ತಾರೆ’ ಎಂದರೆ ಓದುಗರ ಕಣ್ಣೆದುರು ಒಂದು ಮನೆ, ಒಂದು ಚೀಟಿ, ಇಬ್ಬರ ಹಟ ನಿಲ್ಲುತ್ತದೆ. ವಿಶೇಷಣಗಳನ್ನು ಹೊಡೆದುಹಾಕಿ, ಯಾರು ಯಾವ ಇಕ್ಕಟ್ಟಿನಲ್ಲಿದ್ದಾರೆ ಎಂಬುದನ್ನಷ್ಟೇ ಹೇಳಿ, ಅಂತ್ಯವನ್ನು ಬಿಟ್ಟುಕೊಡಬೇಡಿ. ಕಥೆಯಲ್ಲದ ಪುಸ್ತಕವಾದರೆ, ಓದುಗರು ಯಾವ ಪ್ರಶ್ನೆ ಹಿಡಿದುಕೊಂಡು ಬರುತ್ತಾರೋ ಆ ಪ್ರಶ್ನೆಯನ್ನು ಅವರ ಮಾತಿನಲ್ಲೇ ಮೊದಲ ಸಾಲಿಗೆ ತನ್ನಿ.

ಈ ಬೆನ್ನುಡಿ ಮಾರಾಟಕ್ಕೆ ನೆರವಾಗುವ ಮೊದಲು ತಿದ್ದುವುದಕ್ಕೆ ನೆರವಾಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಹಸ್ತಪ್ರತಿ ಓದುವಾಗ, ಆ ಚೀಟಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು 90ನೆಯ ಪುಟದಲ್ಲಿ ಎಂದು ಗೊತ್ತಾದರೆ, ಅದಕ್ಕೂ ಹಿಂದಿನ ಪುಟಗಳಲ್ಲಿ ನೀವು ಬಹುಶಃ ಗಂಟಲು ಸರಿಮಾಡಿಕೊಳ್ಳುತ್ತಿದ್ದಿರಿ. ಅಲ್ಲಿ ಕತ್ತರಿ ಆಡಿಸಿ. ಬರೆದ ಕರಡನ್ನು ಕನಿಷ್ಠ ಒಂದು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಿದರೆ, ಉಸಿರು ಸಿಕ್ಕಿಕೊಳ್ಳುವ ವಾಕ್ಯಗಳೂ ಮೂರನೆಯ ಬಾರಿ ಬಂದ ಅದೇ ಉಪಮೆಯೂ ಕಿವಿಗೆ ತಾವಾಗಿಯೇ ತಾಗುತ್ತವೆ. ಪಾತ್ರಗಳ ಹೆಸರು, ವಯಸ್ಸು, ಸಾವುಹುಟ್ಟುಗಳಿಗೆ ಒಂದು ಪ್ರತ್ಯೇಕ ಹಾಳೆ ಇರಲಿ. ನನ್ನ ಕರಡೊಂದರಲ್ಲಿ 40ನೆಯ ಪುಟದಲ್ಲಿ ತೀರಿಕೊಂಡ ಅತ್ತೆ 112ನೆಯ ಪುಟದಲ್ಲಿ ಬಂದು ಬಾಗಿಲು ತೆರೆದಿದ್ದರು. ನಾನು ಐದು ಸಲ ಓದಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಚ್ಚಿಗೆ ಮೊದಲು ಪರಿಶೀಲನೆಗೆಂದು ಬರುವ ಕರಡಚ್ಚನ್ನು ತಿದ್ದಲು ಇನ್ನೊಬ್ಬರ ಕಣ್ಣು ಬೇಕು ಎನ್ನುವುದು ಇದಕ್ಕಾಗಿಯೇ.

ಮುಖಪುಟದ ಬಗ್ಗೆ ಎರಡೇ ಮಾತು. ಪುಸ್ತಕದ ಬೆನ್ನಿನ, ಅಂದರೆ ಹಾಳೆಗಳು ಕೂಡಿಕೊಂಡಿರುವ ಬದಿಯ ಅಗಲ ಪುಟಸಂಖ್ಯೆ ಹಾಗೂ ಕಾಗದದ ದಪ್ಪವನ್ನು ಅವಲಂಬಿಸಿರುವುದರಿಂದ, ಒಳಪುಟಗಳು ಅಂತಿಮವಾಗುವ ತನಕ ರಕ್ಷಾಪುಟವನ್ನು ಮುಗಿಸಲಾಗದು. ವಿನ್ಯಾಸವನ್ನು ಒಪ್ಪುವ ಮೊದಲು ಅದನ್ನು ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಕಿರಿದಾಗಿಸಿ ನೋಡಿ, ಏಕೆಂದರೆ ಹೆಚ್ಚಿನವರು ಅದನ್ನು ಮೊದಲು ಕಾಣುವುದು ಆ ಅಳತೆಯಲ್ಲೇ. ಪ್ರಕಾಶಕರ ಒಪ್ಪಂದಕ್ಕೆ ಸಹಿ ಹಾಕುವಾಗ ಅನುವಾದ, ಧ್ವನಿಪುಸ್ತಕ, ಚಲನಚಿತ್ರದ ಹಕ್ಕುಗಳು ಯಾರಿಗೆ, ಎಷ್ಟು ಕಾಲಕ್ಕೆ ಎಂಬುದು ಬರಹದಲ್ಲಿದೆಯೇ ಎಂದು ನೋಡಿಕೊಳ್ಳಿ.

ಪ್ರಚಾರಕ್ಕೆ ಬಂದರೆ, ಬಿಡುಗಡೆ ಸಮಾರಂಭವನ್ನೇ ಪ್ರಚಾರವೆಂದು ತಿಳಿಯುವುದು ನಮ್ಮ ದೊಡ್ಡ ತಪ್ಪು. ಅಂದು ಬರುವವರು ಹೇಗಿದ್ದರೂ ನಿಮ್ಮ ಪುಸ್ತಕ ಕೊಳ್ಳುವ ಬಂಧುಮಿತ್ರರು. ಅಪರಿಚಿತ ಓದುಗರನ್ನು ತಲುಪಬೇಕಾದರೆ, ಬಿಡುಗಡೆಗೆ ಎರಡು ಮೂರು ತಿಂಗಳು ಮೊದಲೇ, ಆ ವಿಷಯದಲ್ಲಿ ನಿಜವಾದ ಆಸಕ್ತಿಯುಳ್ಳ ಹತ್ತು ಹದಿನೈದು ಮಂದಿಯನ್ನು ಗುರುತಿಸಿ, ಅವರಿಗೆ ಈ ಪುಸ್ತಕವನ್ನೇ ಏಕೆ ಕಳಿಸುತ್ತಿದ್ದೀರಿ ಎಂದು ಎರಡು ಸಾಲು ಬರೆದು ಪ್ರತಿ ಕಳಿಸಿ. ಸಿಕ್ಕಸಿಕ್ಕವರಿಗೆಲ್ಲ ಹಂಚಿದ ಗೌರವ ಪ್ರತಿಗಳು ಕಪಾಟಿನಲ್ಲಿ ದೂಳು ತಿನ್ನುತ್ತವೆ. ಓದಿದಿರಾ ಎಂದು ಒಮ್ಮೆ ಕೇಳಬಹುದು. ಎರಡನೆಯ ಸಲ ಕೇಳಿದರೆ ಸ್ನೇಹಕ್ಕೆ ಸಂಚಕಾರ. ಸಾಮಾಜಿಕ ಜಾಲತಾಣದಲ್ಲಿ ‘ಇಂದೇ ಕೊಳ್ಳಿ’ ಎಂದು ದಿನವೂ ಕೂಗುವುದಕ್ಕಿಂತ, ಸ್ವತಂತ್ರವಾಗಿ ನಿಲ್ಲಬಲ್ಲ ಒಂದು ಪುಟವನ್ನು ಆರಿಸಿ ಪ್ರಕಟಿಸುವುದು ಒಳ್ಳೆಯದು. ಬೆನ್ನುಡಿ ಮುಗಿದ ಜಾಗದಿಂದ ಆ ಪುಟ ಕಥೆಯನ್ನು ಮುಂದಕ್ಕೆ ಕೊಂಡೊಯ್ಯುವಂತಿರಲಿ.

ಪುಸ್ತಕ ಹೊರಬಂದ ದಿನವೇ ಒಂದು ಪ್ರತಿಯ ಮೇಲೆ ‘ತಿದ್ದುಪಡಿ ಪ್ರತಿ’ ಎಂದು ಬರೆದು ಮೇಜಿನ ಮೇಲಿಡಿ. ಓದುಗರು ತೋರಿಸಿಕೊಟ್ಟ ತಪ್ಪುಗಳನ್ನು ಆಯಾ ಪುಟದ ಅಂಚಿನಲ್ಲೇ ಗುರುತು ಮಾಡುತ್ತಾ ಹೋಗಿ. ಅಂಥ ಸಣ್ಣಪುಟ್ಟ ತಪ್ಪುಗಳನ್ನಷ್ಟೇ ಸರಿಪಡಿಸಿದ ಮರುಮುದ್ರಣಕ್ಕೆ ಪುಸ್ತಕದ ಗುರುತುಸಂಖ್ಯೆಯಾದ ಹಳೆಯ 13 ಅಂಕಿಗಳ ಐಎಸ್‌ಬಿಎನ್ ಸಾಕು. ಹೊಸ ಅಧ್ಯಾಯ ಸೇರಿಸಿ ಪರಿಷ್ಕೃತ ಆವೃತ್ತಿ ತರುವುದಾದರೆ ಬೇರೆಯ ಸಂಖ್ಯೆ ಬೇಕು, ಬೆನ್ನುಡಿಯನ್ನೂ ಆಗ ಮತ್ತೊಮ್ಮೆ ಬರೆಯಬೇಕಾಗುತ್ತದೆ.